ಎರಡು ಇಸ್ಪೀಟು

ಯಮನೂರಪ್ಪ ಯಾರನ್ನೂ ನಂಬದ ಮನುಷ್ಯ. ಕೆಟ್ಟವನಲ್ಲ, ಸುಳ್ಳು ಹೇಳುವವನಂತೂ ಅಲ್ಲವೇ ಅಲ್ಲ. ಆದರೆ ಎದುರಿಗಿದ್ದವರು ಆಡಿದ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವ ಗುಣ ಅವನಿಗೆ ಹುಟ್ಟಿನಿಂದ ಬರಲಿಲ್ಲ, ಆಮೇಲೆ ಅವನು ಕಲಿಯಲೂ ಇಲ್ಲ. ಇಂಥವರು ಕೊನೆಗೆ ಒಂಟಿಯಾಗುತ್ತಾರೆ. ಅವನೂ ಆದ. ಅದಕ್ಕೆ ಕನಿಕರ ಪಡುವ ಕಾರಣವಿಲ್ಲ.

ಮೂವತ್ತನಾಲ್ಕು ವರ್ಷ ರೋಣ ತಾಲೂಕಿನ ಹೊಲಗಳನ್ನು ಅಳೆದ ಮೋಜಣಿದಾರ ಅವನು. ‘ಇದು ನಮ್ಮ ಮುತ್ಯಾ ನೆಟ್ಟ ಕಲ್ಲರಿ ಸಾಹೇಬ್ರ’ ಎಂದು ರೈತ ಗಡಿಗಲ್ಲು ತೋರಿಸಿದರೆ, ಕಲ್ಲಿನ ಕಡೆಗೂ ನೋಡದೆ ರೈತನ ಕಡೆಗೂ ನೋಡದೆ ಸರಪಳಿ ಬಿಚ್ಚುತ್ತಿದ್ದ. ಪುರ್ತಗೇರಿಯಲ್ಲಿ ಅವನ ಸ್ವಂತ ಅಣ್ಣ ಪರಶಪ್ಪ, ‘ಬದು ಸರದಿಲ್ಲೋ ತಮ್ಮಾ, ನಿನ್ನಾಣಿ’ ಎಂದ ಮೇಲೂ ಅಳೆದ. ಬದು ಒಂದೂವರೆ ಮೊಳ ಪಕ್ಕದವರ ಹೊಲದೊಳಗಿತ್ತು. ಹಾಗೆಯೇ ಬರೆದ. ಅಂದು ಅಣ್ಣನ ಮನೆಯಲ್ಲಿ ಅವನಿಗೆ ಕುಡಿಯಲು ನೀರು ಕೊಡಲಿಲ್ಲ. ಇಪ್ಪತ್ತೆರಡು ವರ್ಷವಾಯಿತು. ಪುರ್ತಗೇರಿಯ ಬಸ್ಸು ಕಣ್ಣೆದುರೇ ಹೊರಡುತ್ತದೆ, ಅವನು ಹತ್ತಿಲ್ಲ. ಅಳತೆ ಸರಿಯಿತ್ತು ಎಂಬುದೊಂದೇ ಅವನ ಸಮಾಧಾನ.

ಹೆಂಡತಿ ಲಕ್ಷ್ಮೀ ಬದುಕಿದ್ದಾಗ ನೆರೆಯವರ ಮುಂದೆ ಹೇಳುತ್ತಿದ್ದಳು: ‘ಸಾರಿಗೆ ಉಪ್ಪು ಹಾಕೀನ್ರಿ ಅಂದ್ರ ಇವರು ಚಮಚಾ ಹಿಡಕೊಂಡು ಬರ್ತಾರ.’ ಅವಳು ಹೋಗಿ ಹನ್ನೆರಡು ವರ್ಷ. ಮಕ್ಕಳಿಲ್ಲ. ಗಜೇಂದ್ರಗಡದಲ್ಲಿ ನೇಕಾರರೊಬ್ಬರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಅವನ ವಾಸ. ಮುಂದಿನ ಪಡಸಾಲೆಯಲ್ಲಿ ಮಗ್ಗ ಬೆಳಗಿನಿಂದ ಬಡಿಯುತ್ತದೆ. ಹೊಸದಾಗಿ ಬಂದಾಗ ಆ ಸದ್ದಿಗೆ ಬೇಸರಪಟ್ಟಿದ್ದ. ಈಗ ಮಗ್ಗ ನಿಂತ ದಿನವೇ ಅವನಿಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಎದ್ದು ಬಸ್ ನಿಲ್ದಾಣದ ಕಡೆಗೆ ನಡೆಯುತ್ತಾನೆ.

ಬಸ್ ನಿಲ್ದಾಣದಲ್ಲಿ ಸಲಾವುದ್ದೀನ ಇರುತ್ತಾನೆ. ಯಮನೂರಪ್ಪನ ಬದುಕಿನಲ್ಲಿ ಉಳಿದ ಒಬ್ಬನೇ ಮನುಷ್ಯ. ಅದೂ ಬ್ರಿಜ್ ಆಟದ ದೆಸೆಯಿಂದ.

ಆಟ ಅವರಿಗೆ ಹತ್ತಿದ್ದು ರೋಣದಲ್ಲಿ. ಎಲ್ಲಿಂದಲೋ ವರ್ಗವಾಗಿ ಬಂದ ಎಂಜಿನಿಯರ್ ಸಾಹೇಬನೊಬ್ಬನಿಗೆ ಸಂಜೆ ಹೊತ್ತು ಹೋಗುತ್ತಿರಲಿಲ್ಲ. ಬ್ರಿಜ್‌ಗೆ ನಾಲ್ವರು ಬೇಕು. ಸಾಹೇಬ ಪ್ರವಾಸಿ ಮಂದಿರದ ಕಟ್ಟೆಯ ಮೇಲೆ ಕೂತು, ಕೈಗೆ ಸಿಕ್ಕ ಮೂವರಿಗೆ ಕಲಿಸಿದ. ಒಬ್ಬ ಮೋಜಣಿದಾರ ಯಮನೂರಪ್ಪ, ಇನ್ನೊಬ್ಬ ಬಸ್ ಕಂಟ್ರೋಲರ್ ಸಲಾವುದ್ದೀನ, ಮೂರನೆಯವನು ಒಬ್ಬ ಕಾರಕೂನ, ಈಗ ಅವನಿಲ್ಲ. ಎರಡು ವರ್ಷಕ್ಕೆ ಸಾಹೇಬನಿಗೆ ವರ್ಗವಾಯಿತು. ಆಟ ಮಾತ್ರ ಇಲ್ಲೇ ಉಳಿಯಿತು. ನರಗುಂದಕ್ಕೆ ಹೋಯಿತು, ಗಜೇಂದ್ರಗಡಕ್ಕೆ ಬಂತು. ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ದಿನಾ ನಾಲ್ಕರಿಂದ ಏಳರವರೆಗೆ ಎರಡು ಮೇಜು. ಊರವರ ಬಾಯಲ್ಲಿ ಅದು ಇಸ್ಪೀಟು ಕ್ಲಬ್ಬು. ಅಲ್ಲಿ ಒಂದು ಪೈಸೆಯೂ ಕೈ ಬದಲಾಗುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಬೇರೆಯವರು ತನ್ನ ಮಾತು ನಂಬದಿರುವುದರ ರುಚಿ ಯಮನೂರಪ್ಪನಿಗೆ ಸಿಕ್ಕಿದ್ದು ಬಹುಶಃ ಅಲ್ಲೊಂದೇ ಕಡೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ತಿಳಿದರೆ ಸಾಕು. ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ. ಆಟಕ್ಕೆ ಮೊದಲು ಸರದಿಯಂತೆ, ಇಸ್ಪೀಟು, ಆಟೀನು ಮುಂತಾದ ನಾಲ್ಕು ಬಣ್ಣಗಳಲ್ಲಿ ಒಂದನ್ನು ತುರುಪೆಂದು ಹೆಸರಿಸಿ, ‘ನಮ್ಮ ಜೋಡಿ ಆರರ ಮೇಲೆ ಇಷ್ಟು ಸುತ್ತು ಗೆಲ್ಲುತ್ತದೆ’ ಎಂದು ಕೂಗಬೇಕು. ಹೆಚ್ಚು ಕೂಗಿ ಕಡಿಮೆ ಗೆದ್ದರೆ ಸೋಲು. ಕಡಿಮೆ ಕೂಗಿ ಹೆಚ್ಚು ಗೆದ್ದರೆ ದೊಡ್ಡ ಅಂಕ ಕೈತಪ್ಪುತ್ತದೆ. ಜೊತೆಗಾರನ ಕೈಯಲ್ಲಿ ಏನಿದೆ ಎಂದು ಕೇಳುವಂತಿಲ್ಲ. ಕೆಮ್ಮುವಂತಿಲ್ಲ, ಹುಬ್ಬು ಹಾರಿಸುವಂತಿಲ್ಲ. ಅವನ ಕೂಗೊಂದೇ ಅವನ ಮಾತು. ಆ ಕೂಗಿಗೆ ಏನರ್ಥ ಎಂದು ಜೋಡಿ ಮೊದಲೇ ಕರಾರು ಮಾಡಿಕೊಂಡು, ಒಂದು ಚೀಟಿಯಲ್ಲಿ ಬರೆದು, ಎದುರಾಳಿಗಳಿಗೂ ಕಾಣುವಂತೆ ಮೇಜಿನ ಮೇಲೆ ಇಡಬೇಕು. ಗುಟ್ಟಿನ ಕರಾರು ಮೋಸ.

ಎಂದರೆ, ಜೊತೆಗಾರನನ್ನು ನಂಬದೆ ಆಡಲಾಗದ ಆಟ ಇದು. ಯಮನೂರಪ್ಪ ನಲವತ್ತು ವರ್ಷ ನಂಬದೆಯೇ ಆಡಿದ. ಜೊತೆಗಾರ ‘ಮೂರು’ ಎಂದರೆ ಅವನ ಮೇಲೆ ತಾನು ‘ನಾಲ್ಕು’ ಎನ್ನುತ್ತಿದ್ದ, ಇಲ್ಲವೇ ಬೇರೆ ಬಣ್ಣ ಕೂಗಿ ಆಟವನ್ನು ತನ್ನ ಕೈಗೆ ಎಳೆದುಕೊಳ್ಳುತ್ತಿದ್ದ. ಲೆಕ್ಕ ಬಲ್ಲವನಾದ್ದರಿಂದ ಅರ್ಧಕ್ಕರ್ಧ ಗೆಲ್ಲುತ್ತಿದ್ದ. ಜೊತೆಗಾರರು ಮಾತ್ರ ಉಳಿಯಲಿಲ್ಲ. ‘ಇವರ ಮುಂದ ಕುಂದ್ರೂದು ಅಂದ್ರ ದವಾಖಾನ್ಯಾಗ ಕುಂತಂಗ, ಬಾಯಿ ತಗದ್ರ ತಪ್ಪ ಹುಡುಕ್ತಾರ’ ಎಂದು ಒಬ್ಬೊಬ್ಬರೇ ಎದ್ದುಹೋದರು. ಸಲಾವುದ್ದೀನನೊಬ್ಬ ನಗುತ್ತ ಕೂತ. ‘ಕೂಗ್ಲಿ ಬಿಡ್ರಿ. ಡ್ರೈವರ್ ಹಾರ್ನ ಹೊಡದ್ನಂತ ಕಂಟ್ರೋಲರ್ ಸಿಟ್ಟಿಗೇಳ್ತಾನೇನು?’

ಕ್ಲಬ್ಬಿಗೆ ‘ತಪ್ಪಿನ ವಹಿ’ ತಂದವನೂ ಯಮನೂರಪ್ಪನೇ. ಕರಾರು ಮರೆತು ಕೂಗಿದವನ ಹೆಸರು, ದಿನಾಂಕ, ಕಾರಣ ಅದರಲ್ಲಿ ಬರೆಯಬೇಕು. ಮೂರು ಸಲ ಹೆಸರು ಬಿದ್ದರೆ ಆತ ಮತ್ತೆ ಮೇಜಿಗೆ ಕೂರುವಂತಿಲ್ಲ. ನಿಯಮ ಅವನದು, ಅಕ್ಷರವೂ ಅವನದೇ. ಹತ್ತು ವರ್ಷದಲ್ಲಿ ನಾಲ್ವರನ್ನು ಆ ವಹಿ ಮನೆಗೆ ಕಳಿಸಿದೆ. ಅದರಲ್ಲಿ ಅವನ ಹೆಸರು ಒಮ್ಮೆಯೂ ಬಿದ್ದಿಲ್ಲ.

ಅವನಿಗೂ ಸಲಾವುದ್ದೀನನಿಗೂ ಜಗಳ ಆದದ್ದು ಒಂದೇ ಸಲ, ‘ಎರಡು ಇಸ್ಪೀಟು’ ಎಂಬ ಕೂಗಿನ ಮೇಲೆ. ಎಂಜಿನಿಯರ್ ಸಾಹೇಬ ಕಲಿಸಿದ ಹಳೇ ಪದ್ಧತಿಯಲ್ಲಿ, ಮೊದಲಿಗೇ ‘ಎರಡು ಇಸ್ಪೀಟು’ ಎಂದರೆ ‘ನನ್ನ ಕೈ ತುಂಬಿದೆ, ನಿನ್ನಲ್ಲಿ ಏನೂ ಇಲ್ಲದಿದ್ದರೂ ಸುಮ್ಮನಾಗಬೇಡ’ ಎಂದರ್ಥ. ಜೊತೆಗಾರನ ಕೈ ಬರಿದಾಗಿದ್ದರೆ ಅವನು ‘ಎರಡು ನೋ ಟ್ರಂಪ್’, ಅಂದರೆ ತುರುಪಿಲ್ಲದ ಆಟ, ಎಂದು ಮಾತು ಮುಂದುವರಿಸಬೇಕು. ಇಪ್ಪತ್ತು ವರ್ಷದ ಹಿಂದೆ ಯಮನೂರಪ್ಪ ಪುಸ್ತಕ ತರಿಸಿ ಓದಿ, ಹೊಸ ಪದ್ಧತಿ ತಂದ. ಅದರಲ್ಲಿ ಅದೇ ಕೂಗಿಗೆ ತಲೆಕೆಳಗಾದ ಅರ್ಥ: ‘ಇಸ್ಪೀಟಿನ ಆರು ಎಲೆ ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ, ಎದುರಾಳಿಗಳ ದಾರಿಗೆ ಕಲ್ಲು ಇಡುತ್ತಿದ್ದೇನೆ.’ ಜೊತೆಗಾರನದೂ ಬರಿಗೈಯಾದರೆ ಪಾಸ್ ಎಂದು ಸುಮ್ಮನಾಗಬೇಕು.

‘ಏನೂ ಇಲ್ಲದಾಗ ಯಾಕ ಒದರ್‍ಬೇಕೋ?’ ಎಂದು ಸಲಾವುದ್ದೀನ ಕೇಳಿದ್ದ. ‘ಬಸ್ಸ ಇಲ್ಲದ ಬಸ್ಸ ಬಂತು ಅಂತ ನಾ ಎಂದಾರ ಮೈಕಿನ್ಯಾಗ ಹೇಳೇನೇನು?’

‘ಎಲ್ಲಾ ಕಡೆ ಹಿಂಗ ಆಡ್ತಾರ. ಲೆಕ್ಕ ಇದ್ರಾಗ ಚಲೋ ಐತಿ.’

‘ಲೆಕ್ಕ ಚಲೋ ಇರಬಹುದು. ಹಳೇದ್ರಾಗ ಒಂದ ಮಾತಿತ್ತು ನೋಡು: ನನ್ನ ಬಿಟ್ಟು ಹೋಗಬ್ಯಾಡ ಅನ್ನೂದು. ಅದ ಚಲೋ ಇತ್ತು.’

ಯಮನೂರಪ್ಪ ಹಳೇ ಅರ್ಥದ ಮೇಲೆ ಗೆರೆ ಎಳೆದು ಹೊಸದನ್ನು ಬರೆದ. ಸಲಾವುದ್ದೀನ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಬಂದು ಕೂತ. ಅಲ್ಲಿಗೆ ಮುಗಿಯಿತು.

ಈಗ ಸಲಾವುದ್ದೀನನಿಗೆ ಎಪ್ಪತ್ತನಾಲ್ಕು. ಎರಡು ವರ್ಷದಿಂದ ಮರೆವು. ಬೆಳಗಿನ ಹೊತ್ತು ನಿಲ್ದಾಣದ ಕಟ್ಟೆಯ ಮೇಲೆ ಕೂತು ಬಂದವರಿಗೆ ಬಸ್ಸಿನ ವೇಳೆ ಹೇಳುತ್ತಾನೆ. ಕೆಲವು ದಿನ ಸರಿಯಾಗಿ ಹೇಳುತ್ತಾನೆ. ಕೆಲವು ದಿನ ಅವನ ಬಾಯಲ್ಲಿ ತಾನು ಕೆಲಸದಲ್ಲಿದ್ದಾಗಿನ ವೇಳಾಪಟ್ಟಿ ಬರುತ್ತದೆ. ಕ್ಲಬ್ಬಿನಲ್ಲೂ ಹೀಗೆಯೇ ಎರಡು ಸಲ ಕರಾರು ತಪ್ಪಿದ. ಎರಡು ಸಲವೂ ಯಮನೂರಪ್ಪ ವಹಿ ತೆಗೆದು ಅವನ ಹೆಸರು ಬರೆದ.

ಕ್ಲಬ್ಬಿನ ಕಾರ್ಯದರ್ಶಿ ದುರ್ಗೇಶ, ಸೀರೆ ಅಂಗಡಿಯ ಮಾಲೀಕ. ದಸರೆ ಕಳೆದ ಮೇಲಿನ ಭಾನುವಾರ ನಡೆಯುವ ರೋಣ, ನರಗುಂದ, ಗಜೇಂದ್ರಗಡ ಮೂರೂರ ಪಂದ್ಯಕ್ಕೆ ಒಂದು ವಾರ ಇದ್ದಾಗ ಅವನು ಯಮನೂರಪ್ಪನನ್ನು ಅಂಗಡಿಯಲ್ಲಿ ಕೂರಿಸಿಕೊಂಡು ಹೇಳಿದ: ‘ಕಾಕಾ, ವಹಿ ನಿಮ್ದ, ನಿಯಮ ನಿಮ್ದ. ಸಲಾವುದ್ದೀನ ಕಾಕಾಗ ಎರಡ ಬಿದ್ದಾವು. ಪಂದ್ಯದಾಗ ನರಗುಂದದವರ ಮುಂದ ಮೂರನೇದ್ದು ಬಿದ್ರ ನಾ ಏನ್ ಮಾಡ್ಲಿ?’

‘ನಿಯಮ ಇದ್ದಂಗ ಮಾಡು.’

‘ಆಮ್ಯಾಲೆ ನೀವು ಯಾರ ಜೋಡಿ ಕುಂದ್ರಾವ್ರು? ನಿಮ್ಮ ಮುಂದ ಕುಂದ್ರಾಕ ಯಾರೂ ಒಲ್ಲೆ ಅಂತಾರ. ಸಿಟ್ಟ ಮಾಡ್ಕೋಬ್ಯಾಡ್ರಿ, ನಾನೂ ಒಲ್ಲೆ.’

‘ಅದನ್ನ ಆಮ್ಯಾಲೆ ನೋಡೋಣು’ ಎಂದು ಯಮನೂರಪ್ಪ ಚಪ್ಪಲಿ ಮೆಟ್ಟಿದ.

ಪಂದ್ಯದ ದಿನ ಬೆಳಿಗ್ಗೆ ಅವನು ಸಲಾವುದ್ದೀನನ ಮನೆಗೆ ಹೋದ. ಚೀಟಿಯನ್ನು ಮತ್ತೊಮ್ಮೆ ಓದಿಸಬೇಕಿತ್ತು. ಸಲಾವುದ್ದೀನ ಆಗಲೇ ನಿಲ್ದಾಣಕ್ಕೆ ಹೋಗಿದ್ದ. ಅವನ ಹೆಂಡತಿ ಕಾಶೀಂಬಿ ಬಾಗಿಲಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು.

‘ಬರ್ರಿ ಅಣ್ಣಾರ. ಚಾ ಮಾಡ್ಲಿ?’

‘ಬ್ಯಾಡ. ಹೆಂಗದಾನ?’

‘ನಿನ್ನೆ ನನಗ ಕೇಳಿದ್ರು, ನೀವು ಯಾವ ಊರಾವ್ರ್ರಿ ಬಾಯಿ, ಯಾವ ಬಸ್ಸಿಗೆ ಹೋಗಬೇಕು ಅಂತ.’ ಅವಳು ನಕ್ಕಳು. ನಗು ಬೇಗ ಮುಗಿಯಿತು. ‘ನಾನೂ ಹೇಳಿದ್ನಿ, ಎಲ್ಲೀ ಹೋಗೂದಿಲ್ರಿ, ಇಲ್ಲೇ ಇಳದೀನಿ ಅಂತ. ಅಣ್ಣಾರ, ಒಂದ ಮಾತು. ಆ ಎಲಿ ಕೈಯಾಗ ಹಿಡದಾಗ ಅವರು ಅವರ ಆಗಿರ್ತಾರ. ಸಂಜಿಗೆ ಮನಿಗೆ ಬಂದು ಯಾರ ಏನ್ ಆಡಿದ್ರು ಅಂತ ಹೇಳ್ತಾರ, ಆ ಒಂದ ತಾಸ ನನ್ನ ಹೆಸರ ಹಿಡದು ಕರೀತಾರ. ಅದೊಂದ ಬಿಡಿಸಬ್ಯಾಡ್ರಿ.’

‘ನಿಯಮ ಎಲ್ಲಾರಿಗೂ ಒಂದ, ಕಾಶೀಂಬಿ.’

‘ಹೌದ್ರಿ’ ಎಂದಳು ಅವಳು, ಶೇಂಗಾದ ಕಡೆಗೆ ನೋಡುತ್ತ. ‘ನೀವ ಬರದದ್ದಲ್ಲೇನ್ರಿ ಅದು?’

ನಿಲ್ದಾಣದಲ್ಲಿ ಒಬ್ಬ ಹೆಂಗಸು ಸಲಾವುದ್ದೀನನ ಮುಂದೆ ನಿಂತು ಕೈ ತಿರುವುತ್ತಿದ್ದಳು. ‘ಏನ್ ಹಿರ್‍ಯಾರೋ ಏನೋ! ಹತ್ತೂ ಹತ್ತಕ್ಕ ನರಗುಂದ ಬಸ್ಸ ಐತಿ ಅಂತ ಕುಂದ್ರಿಸಿದ್ರು. ತಾಸಾತು. ಕೇಳಿದ್ರ ಅಂಥಾ ಬಸ್ಸ ಇಲ್ಲಂತ! ಹೇಳಾವ್ರಿಗೆ ನೆದರಿಲ್ಲ ಅಂದ್ರ ಕೇಳಾವ್ರಿಗಾರ ಬುದ್ಧಿ ಬ್ಯಾಡಾ?’ ತನ್ನನ್ನೂ ಸೇರಿಸಿಯೇ ಬೈದುಕೊಂಡು ಹೋದಳು. ಹತ್ತೂ ಹತ್ತರ ಆ ಬಸ್ಸು ನಿಂತು ಹದಿನೈದು ವರ್ಷವಾಗಿತ್ತು.

‘ಡ್ರೈವರ್ ಇವತ್ತ ತಡಾ ಮಾಡ್ಯಾನ’ ಎಂದ ಸಲಾವುದ್ದೀನ, ರಸ್ತೆ ನೋಡುತ್ತ.

ಯಮನೂರಪ್ಪ ಅವನ ಪಕ್ಕ ಕೂತು ಚೀಟಿ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದ. ಸಲಾವುದ್ದೀನ ಎಲ್ಲದಕ್ಕೂ ‘ಹೂಂ, ಗೊತ್ತೈತಿ’ ಎಂದ. ಕಣ್ಣು ರಸ್ತೆಯ ಮೇಲೇ ಇತ್ತು.

ರೋಣದವರು ಮಧ್ಯಾಹ್ನವೇ ಸೋತರು. ಉಳಿದದ್ದು ನರಗುಂದ ಮತ್ತು ಗಜೇಂದ್ರಗಡ. ನರಗುಂದದ ಜೋಡಿ ಬೀಜ-ಗೊಬ್ಬರದ ವ್ಯಾಪಾರಿ ಪ್ರಭುಲಿಂಗಪ್ಪ ಮತ್ತು ಒಬ್ಬ ನಿವೃತ್ತ ಮಾಸ್ತರರು. ಮಾಸ್ತರರು ಮಿತಭಾಷಿ. ಪ್ರಭುಲಿಂಗಪ್ಪನ ಬಾಯಿ ದೊಡ್ಡದು, ಕೂಗು ಇನ್ನೂ ದೊಡ್ಡದು. ನಾಲ್ಕು ಒಳ್ಳೆಯ ಎಲೆ ಬಂದರೆ ಸುಮ್ಮನೆ ಕೂತ ಉದಾಹರಣೆ ಇಲ್ಲ. ಐದೂವರೆ ಹೊತ್ತಿಗೆ ಎರಡೂ ಜೋಡಿ ಸಮ ಬಂದವು. ಒಂದೇ ಆಟ ಉಳಿದಿತ್ತು. ಎಲೆ ಹಂಚಿದರು. ದುರ್ಗೇಶ ಮತ್ತು ರೋಣದವರು ಕುರ್ಚಿಗಳ ಹಿಂದೆ ನಿಂತರು.

ಯಮನೂರಪ್ಪ ತನ್ನ ಹದಿಮೂರು ಎಲೆ ಬಿಡಿಸಿ ನೋಡಿದ. ಇಸ್ಪೀಟಿನ ಮೂರು ಸಣ್ಣ ಎಲೆ. ಡೈಮನ್ ರಾಣಿ ಒಬ್ಬಳು. ಉಳಿದದ್ದೆಲ್ಲ ಕಸ.

‘ಎರಡು ಇಸ್ಪೀಟು’ ಎಂದ ಸಲಾವುದ್ದೀನ.

ಕೂಗಿನ ವೇಳೆ ಯಮನೂರಪ್ಪ ಎಂದೂ ಜೊತೆಗಾರನ ಮುಖ ನೋಡಿದವನಲ್ಲ. ಮುಖ ನೋಡುವುದೂ ಒಂದು ಮೋಸ ಎಂಬುದು ಅವನ ಮತ. ಗೋಡೆಯ ಮೇಲಿನ ಸೀರೆ ಅಂಗಡಿಯ ಕ್ಯಾಲೆಂಡರ್ ಮೇಲೆ ಕಣ್ಣಿಟ್ಟು ಕೂತ. ಪ್ರಭುಲಿಂಗಪ್ಪ ಕನ್ನಡಕ ಏರಿಸಿ, ಮೇಜಿನ ಮೇಲಿದ್ದ ಚೀಟಿ ಎಳೆದುಕೊಂಡು ಮನಸ್ಸಿನಲ್ಲೇ ಓದಿಕೊಂಡ. ಎರಡು ಇಸ್ಪೀಟು: ಕೈ ಬರಿದು. ಆಮೇಲೆ ‘ಪಾಸ್’ ಎಂದ.

ಈಗ ಯಮನೂರಪ್ಪನ ಸರದಿ.

ಚೀಟಿಯ ಪ್ರಕಾರ ಯೋಚಿಸುವಂಥದ್ದೇನೂ ಇರಲಿಲ್ಲ. ಜೊತೆಗಾರನದು ಬರಿಗೈ, ತನ್ನದು ಬರಿಗೈ. ಪಾಸ್. ಆದರೆ ಲೆಕ್ಕ ಬಲ್ಲವನಿಗೆ ಒಂದು ತೊಡಕು ಕಂಡಿತು. ಎದುರಾಳಿಯ ಕೈ ಖಾಲಿ ಎಂದು ಓದಿಯೂ ಪ್ರಭುಲಿಂಗಪ್ಪ ಸುಮ್ಮನಾದನೆಂದರೆ ಅವನಲ್ಲೂ ಏನೂ ಇಲ್ಲ. ಹಾಗಾದರೆ ಎಕ್ಕಾಗಳು, ರಾಜರು ಎಲ್ಲಿ ಹೋದರು? ಒಂದೋ ಮಾಸ್ತರರ ಕೈಯಲ್ಲಿ, ಇಲ್ಲವೇ ಸಲಾವುದ್ದೀನನ ಕೈಯಲ್ಲಿ. ಮಾಸ್ತರರಲ್ಲಿದ್ದರೆ ಪಾಸ್ ಸರಿ. ಸಲಾವುದ್ದೀನನಲ್ಲಿದ್ದರೆ ಅವನು ಕೂಗಿದ್ದು ಇಪ್ಪತ್ತು ವರ್ಷದ ಹಿಂದಿನ ಕೂಗು: ನನ್ನ ಕೈ ತುಂಬಿದೆ, ನನ್ನನ್ನು ಬಿಟ್ಟು ಹೋಗಬೇಡ.

ಇವತ್ತು ಅವನು ಯಾವ ವರ್ಷದಲ್ಲಿ ಕೂತಿದ್ದಾನೆ ಎಂಬುದೇ ಪ್ರಶ್ನೆ. ಬೆಳಿಗ್ಗೆ ಹತ್ತೂ ಹತ್ತರ ಬಸ್ಸಿಗೆ ಕಾಯುತ್ತಿದ್ದ. ಆದರೆ ಅದು ಎಲೆಗಳಿಂದ ತಿಳಿದದ್ದಲ್ಲ, ನಿಲ್ದಾಣದಿಂದ ತಿಳಿದದ್ದು. ಅದನ್ನು ಲೆಕ್ಕಕ್ಕೆ ಹಿಡಿಯಬಹುದೇ? ಎಲೆಗಳು ಹೇಳಿದ್ದೆಷ್ಟು, ನಿಲ್ದಾಣ ಹೇಳಿದ್ದೆಷ್ಟು? ಮೂವತ್ತನಾಲ್ಕು ವರ್ಷ ಎರಡು ಹೊಲಗಳ ನಡುವಿನ ಗೆರೆ ಹುಡುಕಿದವನಿಗೆ ಆ ಗೆರೆ ಸಿಗಲಿಲ್ಲ. ತಪ್ಪಿ ಕೂಗಿದರೆ ಸೋಲು ನಗೆಪಾಟಲಿನದಾಗುತ್ತದೆ. ಚೀಟಿಯಂತೆ ನಡೆದರೆ ಯಾರೂ ಅವನನ್ನು ಏನೂ ಅನ್ನುವಂತಿಲ್ಲ.

‘ಎರಡು ನೋ ಟ್ರಂಪ್’ ಎಂದ.

ಮಾಸ್ತರರು ಪಾಸ್ ಎಂದರು. ‘ನಾಲ್ಕು ಇಸ್ಪೀಟು!’ ಎಂದ ಸಲಾವುದ್ದೀನ, ಬಸ್ಸಿನ ವೇಳೆ ಸಾರಿದಂತೆ. ಆರರ ಮೇಲೆ ನಾಲ್ಕು, ಎಂದರೆ ಹತ್ತು ಸುತ್ತು ಗೆಲ್ಲಬೇಕು. ಉಳಿದ ಮೂವರೂ ಪಾಸ್.

ಕೂಗು ಗೆದ್ದವನ ಜೊತೆಗಾರ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿ ಹರವಿ ಸುಮ್ಮನೆ ಕೂರಬೇಕು. ಆ ಆಟದಲ್ಲಿ ಅವನಿಗೆ ಕೈಯೂ ಇಲ್ಲ, ಬಾಯಿಯೂ ಇಲ್ಲ. ಯಮನೂರಪ್ಪ ತನ್ನ ಕಸವನ್ನು ಹರವಿದ. ಪ್ರಭುಲಿಂಗಪ್ಪನ ಹುಬ್ಬು ಮೇಲೇರಿತು. ಸಲಾವುದ್ದೀನನ ಬೆರಳುಗಳು ಮಾತ್ರ ಏನನ್ನೂ ಮರೆತಿರಲಿಲ್ಲ. ಇಸ್ಪೀಟು ಎಕ್ಕಾ, ರಾಜಾ, ರಾಣಿ ಸಾಲಾಗಿ ಬಿದ್ದವು. ಆಟೀನು ಎಕ್ಕಾ ಬಿತ್ತು. ಎರಡು ಸುತ್ತು ಎದುರಾಳಿಗಳಿಗೆ ಹೋದವು, ಮೂರನೆಯದೂ ಹೋಯಿತು. ಕೊನೆಗೆ ಹತ್ತನೆಯದಕ್ಕೆ ಮೇಜಿನ ಮೇಲಿದ್ದ ಆ ಒಂಟಿ ಡೈಮನ್ ರಾಣಿಯನ್ನೇ ಎಳೆದು ಗೆದ್ದ.

ಆ ಹತ್ತು ನಿಮಿಷ ಯಮನೂರಪ್ಪನಿಗೆ ಕೆಲಸವಿರಲಿಲ್ಲ. ಮುಂದೆ ಆಗುವುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆದದ್ದೂ ಹಾಗೆಯೇ. ರೋಣದವರ ಚಪ್ಪಾಳೆ ನಿಲ್ಲುವ ಮೊದಲೇ ಪ್ರಭುಲಿಂಗಪ್ಪ ಚೀಟಿಯ ಮೇಲೆ ಬೆರಳಿಟ್ಟ. ‘ಯಮನೂರಪ್ಪನವರ, ಇದೇನ್ರಿ ಇದು? ಚೀಟ್ಯಾಗ ಕೈ ಬರಿದು ಅಂತ ಬರದೀರಿ. ಅವರ ಕೈಯಾಗ ಅರ್ಧ ರಾಜ್ಯಾನ ಐತಿ. ಬರಿದಾಗಿದ್ದು ನಿಮ್ಮ ಕೈ. ಒಬ್ಬರದೊಬ್ಬರಿಗೆ ಹೆಂಗ ತಿಳೀತು? ಗುಟ್ಟಿನ ಕರಾರೇನು? ನೀವ ನಮಗ ಪಾಠ ಹೇಳಿದಾವ್ರು.’

ದುರ್ಗೇಶನಿಗೆ ತಡವಾಗಿ ಅರ್ಥವಾಯಿತು. ‘ಚೀಟ್ಯಾಗ ಇಲ್ಲದ ಕೂಗು, ಈ ಆಟ ಎದುರಿನವರಿಗೆ ಹೋಗ್ತೈತಿ. ಹಂಗಂದ್ರ ಪಂದ್ಯ ನರಗುಂದದ್ದು’ ಎಂದು ಕಪಾಟಿನಿಂದ ವಹಿ ತೆಗೆದ. ಪೆನ್ನಿನ ಟೊಪ್ಪಿಗೆ ಬಿಚ್ಚಿ, ಮರುಕದಿಂದಲೇ ಸಲಾವುದ್ದೀನನ ಕಡೆ ತಿರುಗಿದ. ‘ಕಾಕಾ, ಹಳೇ ಪದ್ಧತಿ ಬಿಟ್ಟು ಎಷ್ಟ ವರ್ಷಾತು...’

ಸಲಾವುದ್ದೀನ ಗೆದ್ದ ಮುಖದಲ್ಲೇ ಒಬ್ಬೊಬ್ಬರನ್ನೂ ನೋಡಿದ. ನಗು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವನಂತಿದ್ದ. ಚೀಟಿಯನ್ನು ಕೈಗೆತ್ತಿಕೊಂಡು, ಆ ಸಾಲನ್ನು ಓದಿ, ‘ಇದನ್ನ ಯಾವಾಗ...’ ಎಂದು ಬಾಯಿ ತೆರೆದ.

ಜೊತೆಗಾರನ ಮೇಲೆ ಕೂಗುವ ಚಾಳಿ ಯಮನೂರಪ್ಪನಿಗೆ ಹಳೆಯದು.

‘ಇವತ್ತ ಮುಂಜಾನೆ ನಾನ ಹೇಳೀನಿ ಅವಗ’ ಎಂದ, ಗಟ್ಟಿಯಾಗಿ. ‘ಬಸ್ ಸ್ಟ್ಯಾಂಡಿನ್ಯಾಗ. ಇನ್ಮ್ಯಾಲೆ ಹಳೇ ಪದ್ಧತಿನ ಆಡೋಣು ಅಂತ. ಅಂವ ಕರಾರಿನಂಗ ಕೂಗ್ಯಾನ. ಚೀಟಿ ತಿದ್ದೂದು ನನ್ನ ಕೆಲಸ. ನಾ ಮರತೆ.’

‘ನೀವು?’ ಎಂದ ದುರ್ಗೇಶ. ‘ನೀವು ಮರತ್ರಿ?’

‘ವಯಸ್ಸ ಎಪ್ಪತ್ಮೂರು ಆಗೇತಿ. ಮರೀಬಾರದೇನು?’

ಪ್ರಭುಲಿಂಗಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಸಲಾವುದ್ದೀನ ಚೀಟಿ ಕೆಳಗಿಟ್ಟು, ‘ನೋಡ್ರಿ ಮತ್ತ! ನಾ ಅವಾಗ ಹೇಳಿದ್ದೆ, ಹಳೇದ ಚಲೋ ಅಂತ’ ಎಂದು ಮಾಸ್ತರರ ತೊಡೆಗೆ ತಟ್ಟಿದ.

ಯಮನೂರಪ್ಪ ಕೈ ಚಾಚಿ ದುರ್ಗೇಶನಿಂದ ವಹಿಯನ್ನೂ ಪೆನ್ನನ್ನೂ ತೆಗೆದುಕೊಂಡ. ಸಲಾವುದ್ದೀನನ ಹೆಸರು ಎರಡು ಸಲ ಇದ್ದ ಪುಟವನ್ನು ದಾಟಿ, ಹೊಸ ಪುಟ ತೆರೆದ. ದಿನಾಂಕ ಹಾಕಿದ. ಹೆಸರು ಎಂಬ ಮನೆಯಲ್ಲಿ ತನ್ನ ಹೆಸರನ್ನು, ಅಡ್ಡಹೆಸರು ಸಮೇತ, ಮೋಜಣಿ ನಕ್ಷೆಗೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಬರೆದ. ಕಾರಣ ಎಂಬ ಮನೆಯಲ್ಲಿ ‘ಮರೆವು’ ಎಂದು ಬರೆದು, ಶಾಯಿ ಆರುವವರೆಗೆ ಕಾದು, ವಹಿ ಮುಚ್ಚಿದ.